ಕರ್ನಲ್ ಬಿಲ್ಡ್ ಮಾಡುವಾಗ ಯಾವ ಡಿಬಗ್ ಆಪ್ಷನ್ ಆನ್ ಇಡ್ಬೇಕು? ಈ ಗೊಂದಲ ಬೆಳೆದು ಬಂದ ದಾರಿ

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಸೋರ್ಸ್ ಇಳಿಸ್ಕೊಂಡು ಮೇಕ್ ಮೆನುಕಾನ್ಫಿಗ್ (ಆಪ್ಷನ್ ಆರಿಸೋ ಕಮಾಂಡ್) ಅಂತ ಕೊಟ್ರೆ ಆ ನೀಲಿ ಸ್ಕ್ರೀನ್ ಬರುತ್ತಲ್ಲ, ಅದರಲ್ಲಿ ಕೆಳಗೆ ಇಳೀತಾ ಹೋದ್ರೆ ಕೊನೇ ಹತ್ರ ಕರ್ನಲ್ ಹ್ಯಾಕಿಂಗ್ ಅಂತ ಒಂದು ಮೆನು ಸಿಗುತ್ತೆ. ಡಿಬಗ್‌ಗೆ, ಅಂದ್ರೆ ತಪ್ಪು ಹುಡುಕೋದಕ್ಕೆ, ಸಂಬಂಧಪಟ್ಟಿದ್ದು ಹೆಚ್ಚುಕಮ್ಮಿ ಎಲ್ಲಾ ಅದರೊಳಗೇ ಇದೆ. ಮೆನು ಒಳಗೆ ಮೆನು, ಅದರೊಳಗೆ ಇನ್ನೊಂದು. ಚೂರೂ ಖರ್ಚಿಲ್ಲದ ಆಪ್ಷನ್ನೂ ಅಲ್ಲೇ, ಮಷೀನನ್ನ ಮೂರು ಪಟ್ಟು ನಿಧಾನ ಮಾಡೋ ಆಪ್ಷನ್ನೂ ಅದರ ಪಕ್ಕದಲ್ಲೇ. ಹೆಲ್ಪ್ ಒತ್ತಿದ್ರೆ ಎಷ್ಟೋ ಕಡೆ ಕೊನೇ ಸಾಲು ಒಂದೇ: ಗೊತ್ತಿಲ್ಲ ಅಂದ್ರೆ ಎನ್ (ಬೇಡ) ಒತ್ತಿ.

ಹೊಸಬರು ಪಾಪ ಎನ್ ಒತ್ಕೊಂಡು ಹೋಗ್ತಾರೆ. ಆಮೇಲೆ ಯಾವಾಗಲೋ ಮಷೀನ್ ಹ್ಯಾಂಗ್ ಆದಾಗ ಲಾಗ್‌ನಲ್ಲಿ ಏನೂ ಇರಲ್ಲ. ಕೇಳೋಣ ಅಂತ ಹೋದ್ರೆ ಸರ್ವರ್ ನೋಡ್ಕೊಳ್ಳೋರು ಎಲ್ಲಾ ಆಫ್ ಮಾಡಿ ಅಂತಾರೆ, ಡ್ರೈವರ್ ಬರೆಯೋರು ಎಲ್ಲಾ ಆನ್ ಮಾಡಿ ಅಂತಾರೆ, ಸೆಕ್ಯುರಿಟಿ ಕಡೆಯೋರು ಇದು ಆನ್ ಇರ್ಲಿ ಅದು ಬೇಡ ಅಂತ ಬೇರೇನೇ ಪಟ್ಟಿ ಕೊಡ್ತಾರೆ. ಮೂರೂ ಜನ ಅವರವರ ಮಟ್ಟಿಗೆ ಸರಿಯಾಗೇ ಹೇಳ್ತಿದ್ದಾರೆ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕಾರಣಕ್ಕೆ ಹುಟ್ಟಿದ ಆಪ್ಷನ್‌ಗಳೆಲ್ಲ ಒಂದೇ ಮೆನುವಲ್ಲಿ ಬಂದು ಸೇರ್ಕೊಂಡಿವೆ, ಗೊಂದಲ ಆಗ್ತಿರೋದು ಅಲ್ಲಿಂದ.

1991ರಿಂದ 2000ದವರೆಗಿನ ಕಥೆ ಸಣ್ಣದು: ಪ್ರಿಂಟ್‌ಕೆ (ಕರ್ನಲ್‌ನಿಂದ ಲಾಗ್‌ಗೆ ಸಾಲು ಬರೆಯೋ ಫಂಕ್ಷನ್) ಹಾಕೋದು, ಕರ್ನಲ್ ಎಡವಿದಾಗ ಊಪ್ಸ್ ಮೆಸೇಜ್ ಬಂದ್ರೆ ಅದನ್ನ ಬರ್ಕೊಂಡು ಯಾವ ಫಂಕ್ಷನ್‌ನಲ್ಲಿ ಬಿತ್ತು ಅಂತ ಹುಡುಕೋದು, ಅಷ್ಟೇ. 2000ದ ಸೆಪ್ಟೆಂಬರ್‌ನಲ್ಲಿ, ಕರ್ನಲ್ ಒಳಗೇ ಒಂದು ಡಿಬಗರ್ ಇರ್ಲಿ ಅನ್ನೋ ವಾದ ಜೋರಾಗಿ ನಡೀತು. ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಡಿಬಗರ್ ಕೈಗೆ ಸಿಕ್ರೆ ಜನ ಕೋಡ್ ಓದಿ ಅರ್ಥ ಮಾಡ್ಕೊಳ್ಳೋದು ಬಿಟ್ಟು ಮೇಲ್ಮೇಲೆ ತೇಪೆ ಹಾಕ್ತಾರೆ ಅನ್ನೋದು ಅವರ ವಾದದ ತಿರುಳು. ಅದರಲ್ಲಿ ನಿಜಾಂಶ ಇತ್ತು, ಇಲ್ಲ ಅನ್ನಲ್ಲ. ಇಂಥ ಡಿಬಗರ್ ಕೆಜಿಡಿಬಿ ಮೇನ್‌ಲೈನ್‌ಗೆ (ಅಧಿಕೃತ ಕರ್ನಲ್‌ಗೆ) ಸೇರೋಕೆ 2008ರ 2.6.26 ಆವೃತ್ತಿ ತನಕ ಕಾಯ್ಬೇಕಾಯ್ತು, ಇನ್ನೊಂದು ಡಿಬಗರ್ ಕೆಡಿಬಿ ಬಂದಿದ್ದು 2010ರ 2.6.35ರಲ್ಲಿ. ಈ ನಡುವಿನ ವರ್ಷಗಳಲ್ಲಿ ಡಿಬಗ್ ಅನ್ನೋದು ಡೆವಲಪರ್‌ನ ಸ್ವಂತ ವಿಷಯ, ಬಳಸೋರಿಗೆ ಕೊಡೋ ಕರ್ನಲ್‌ನಲ್ಲಿ ಅದಕ್ಕೆ ಜಾಗ ಇಲ್ಲ ಅನ್ನೋ ಮನಸ್ಥಿತಿ ಗಟ್ಟಿಯಾಗಿ ಕೂತ್ಬಿಡ್ತು.

ಪಕ್ಕದ ಮನೆ ಫ್ರೀಬಿಎಸ್‌ಡಿ (ಲಿನಕ್ಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಕಡೆಯೋರು ಬೇರೆ ದಾರಿ ಹಿಡಿದ್ರು. ಅವರ ಕರೆಂಟ್ (ಡೆವಲಪ್‌ಮೆಂಟ್) ಬ್ರಾಂಚ್‌ನ ಜೆನೆರಿಕ್ ಕಾನ್ಫಿಗ್‌ನಲ್ಲಿ ವಿಟ್ನೆಸ್, ಇನ್‌ವೇರಿಯಂಟ್ಸ್ (ಓಡುವಾಗಲೇ ತಪ್ಪು ಹುಡುಕೋ ಚೆಕ್‌ಗಳು) ಎರಡೂ ಆನ್ ಇರುತ್ತೆ. ಇದು ನಿಧಾನವಾಗಿ ಓಡುತ್ತೆ ಅಂತ ಅವರೇ ಬರೆದು ಇಟ್ಟಿದ್ದಾರೆ. ರಿಲೀಸ್ ಬ್ರಾಂಚ್‌ಗೆ ಹೋಗುವಾಗ ತೆಗೀತಾರೆ, ವೇಗ ಈಗಲೇ ಬೇಕು ಅನ್ನೋರಿಗೆ ಜೆನೆರಿಕ್ ನೋಡಿಬಗ್ ಅಂತ ಬೇರೆ ಕಾನ್ಫಿಗ್ ಇದೆ. ಅಂದ್ರೆ ಡೆವಲಪ್‌ಮೆಂಟ್ ಕರ್ನಲ್ ಓಡಿಸೋ ಪ್ರತಿಯೊಬ್ಬನೂ ಕೇಳದೇನೇ ಟೆಸ್ಟರ್ ಆಗಿರ್ತಾನೆ. ಲಿನಕ್ಸ್‌ನಲ್ಲೂ ಇದೇ ರೂಢಿ ಬಂದಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ ನನಗೆ ಪ್ರತಿ ಸಲ ಅನ್ಸುತ್ತೆ.

ನಮ್ಮ ಬೆಂಗಳೂರಿಗೂ ಈ ಇತಿಹಾಸದಲ್ಲಿ ಪಾಲಿದೆ, ಇದು ಇಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. 2004ರಲ್ಲಿ 2.6.9ಕ್ಕೆ ಸೇರಿದ ಕೆಪ್ರೋಬ್ಸ್, 2005ರಲ್ಲಿ 2.6.13ಕ್ಕೆ ಸೇರಿದ ಕೆಡಂಪ್, ಎರಡರಲ್ಲೂ ಐಬಿಎಂನ ಬೆಂಗಳೂರಿನ ಲಿನಕ್ಸ್ ಟೆಕ್ನಾಲಜಿ ಸೆಂಟರ್ ಎಂಜಿನಿಯರ್‌ಗಳ ಕೆಲಸ ದೊಡ್ಡದು. ಓಡ್ತಾ ಇರೋ ಕರ್ನಲ್‌ನ ಯಾವ್ದೋ ಒಂದು ಇನ್‌ಸ್ಟ್ರಕ್ಷನ್ ಮೇಲೆ ಪ್ರೋಬ್ ಕೂರಿಸಿ, ಅಲ್ಲಿಗೆ ಬಂದಾಗ ನಮ್ಮ ಕೋಡ್ ಓಡಿಸಿ, ಮತ್ತೆ ದಾರಿಗೆ ಬಿಡೋದು ಕೆಪ್ರೋಬ್ಸ್. ಕ್ರ್ಯಾಶ್ ಆದ ಕ್ಷಣಕ್ಕೆ ಮೊದಲೇ ತೆಗೆದಿಟ್ಟ ಮೆಮೊರಿಯಲ್ಲಿ ಎರಡನೇ ಕರ್ನಲ್ ಬೂಟ್ ಮಾಡಿ, ಸತ್ತ ಕರ್ನಲ್‌ನ ಮೆಮೊರಿ ಡಿಸ್ಕ್‌ಗೆ ಉಳಿಸೋದು ಕೆಡಂಪ್. ಪ್ರೋಬ್ ಹಾಕದೇ ಇದ್ರೆ ಕೆಪ್ರೋಬ್ಸ್‌ನಿಂದ ಹೆಚ್ಚುಕಮ್ಮಿ ಖರ್ಚೇ ಇಲ್ಲ, ಕೆಡಂಪ್‌ಗೆ ಆ ಕಾದಿಟ್ಟ ಮೆಮೊರಿಯಷ್ಟೇ ಖರ್ಚು. ಪ್ರೊಡಕ್ಷನ್ ಸರ್ವರ್‌ನಲ್ಲೂ ಡಿಬಗ್ ಸೌಲಭ್ಯ ಇಟ್ಕೋಬಹುದು ಅಂತ ಡಿಸ್ಟ್ರೋಗಳಿಗೆ (ಉಬುಂಟು ಥರ ಲಿನಕ್ಸ್ ಕಟ್ಟಿಕೊಡೋರಿಗೆ) ಧೈರ್ಯ ಬಂದಿದ್ದು ಇಂಥವುಗಳಿಂದ.

2006ರ ಸೆಪ್ಟೆಂಬರ್‌ನಲ್ಲಿ 2.6.18 ಜೊತೆ, ಲಾಕ್ (ಒಂದು ಸಲಕ್ಕೆ ಒಬ್ಬರೇ ಡೇಟಾ ಮುಟ್ಟೋ ಹಾಗೆ ಮಾಡೋ ಬೀಗ) ಹಿಡಿಯೋ ಕ್ರಮ ನೋಡೋ ಲಾಕ್‌ಡೆಪ್ ಬಂತು, ಇಂಗೊ ಮೋಲ್ನಾರ್ ಮತ್ತೆ ಅರ್ಜನ್ ವಾನ್ ಡೆ ವೆನ್ ಬರೆದಿದ್ದು. ಮೆನುವಲ್ಲಿ ಅದರ ಹೆಸರು ಪ್ರೂವ್ ಲಾಕಿಂಗ್. ಒಂದು ಕಡೆ ಕೋಡ್ ಮೊದಲು ಎ ಲಾಕ್ ಹಿಡಿದು ಆಮೇಲೆ ಬಿ ಹಿಡಿಯುತ್ತೆ, ಇನ್ನೊಂದು ಕಡೆ ಮೊದಲು ಬಿ ಆಮೇಲೆ ಎ. ಎರಡೂ ಒಂದೇ ಕ್ಷಣಕ್ಕೆ ಎದುರುಬದುರಾದ್ರೆ ಮಾತ್ರ ಡೆಡ್‌ಲಾಕ್ (ಒಬ್ಬರಿಗೊಬ್ಬರು ಕಾಯ್ತಾ ಇಬ್ಬರೂ ನಿಂತುಬಿಡೋದು), ಅದು ಲಕ್ಷಕ್ಕೆ ಒಂದು ಸಲ ಆಗ್ಬಹುದು, ಗಿರಾಕಿ ಮನೇಲೇ ಆಗ್ಬಹುದು. ಲಾಕ್‌ಡೆಪ್ ಅಷ್ಟೆಲ್ಲ ಕಾಯಲ್ಲ, ಸೋಮವಾರ ಎ-ಬಿ ನೋಡಿ, ರೀಬೂಟ್ ಆಗದೇ ಇದ್ರೆ, ಶುಕ್ರವಾರ ಬಿ-ಎ ನೋಡಿದ್ರೂ ಸಾಕು, ಇಲ್ಲಿ ಸುತ್ತು ಬೀಳೋ ಸಾಧ್ಯತೆ ಇದೆ ಅಂತ ಎರಡೂ ಕಡೆಯ ಸ್ಟ್ಯಾಕ್ (ಅಲ್ಲಿಗೆ ಬಂದ ಫಂಕ್ಷನ್‌ಗಳ ಪಟ್ಟಿ) ಸಮೇತ ಲಾಗ್‌ಗೆ ಬರೆಯುತ್ತೆ. ಡೆಡ್‌ಲಾಕ್ ಆಗೋದೇ ಬೇಕಿಲ್ಲ. ಒಂದು ವಿಷಯ ಮಾತ್ರ ನೆನಪಿರ್ಲಿ: ಮೊದಲ ರಿಪೋರ್ಟ್ ಕೊಟ್ಟ ತಕ್ಷಣ ಅದು ತಾನೇ ಆಫ್ ಆಗುತ್ತೆ, ಮತ್ತೆ ಕೆಲಸ ಶುರು ಮಾಡೋದು ರೀಬೂಟ್ ಆದ್ಮೇಲೇನೇ. ಬೂಟ್ ಆಗುವಾಗಲೇ ಯಾವುದೋ ಸಂಬಂಧ ಇಲ್ಲದ ಡ್ರೈವರ್ ಒಂದು ವಾರ್ನಿಂಗ್ ಎಬ್ಬಿಸಿಬಿಟ್ರೆ, ನಿಮ್ಮ ಕೋಡ್‌ನ ತಪ್ಪು ಅವತ್ತು ಕಾಣೋದೇ ಇಲ್ಲ. ವಾರ್ನಿಂಗ್ ಬಂದಿಲ್ಲ ಅಂದ್ರೆ ಕೋಡ್ ಸರಿ ಇದೆ ಅಂದ್ಕೊಳ್ಳೋರು ಮೊದಲು ಡಿಮೆಸೇಜ್, ಅಂದ್ರೆ ಕರ್ನಲ್ ಲಾಗನ್ನ, ಶುರುವಿಂದ ಓದ್ಬೇಕು.

ಡಿಬಗ್ ಆಪ್ಷನ್ ಬಗ್ಗೆ ಹಳಬರಿಗೆ ಇರೋ ಭಯ ಎಲ್ಲಿಂದ ಬಂತು ಅಂತ ತಿಳೀಬೇಕಂದ್ರೆ 2008ಕ್ಕೆ ಹೋಗ್ಬೇಕು. ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ.

ಆ ವರ್ಷ 2.6.27ಕ್ಕೆ ಎಫ್‌ಟ್ರೇಸ್ (ಕರ್ನಲ್‌ನಲ್ಲಿ ಯಾವ ಫಂಕ್ಷನ್ ಓಡ್ತು ಅಂತ ತೋರಿಸೋ ಸೌಲಭ್ಯ) ಸೇರ್ತಾ ಇತ್ತು. ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಆರ್‌ಸಿ (ಬಿಡುಗಡೆಗೆ ಮುಂಚಿನ) ಕರ್ನಲ್ ಓಡಿಸ್ತಿದ್ದ ಕೆಲವರ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಗಿಗಾಬಿಟ್ ನೆಟ್‌ವರ್ಕ್ ಕಾರ್ಡ್ ಇದ್ದಕ್ಕಿದ್ದಂತೆ ಸತ್ತುಹೋಗೋಕೆ ಶುರುವಾಯ್ತು. ಆ ಕಾರ್ಡ್‌ನ ಇ1000ಇ ಡ್ರೈವರ್ ಲೋಡ್ ಆಗುವಾಗ ಎನ್‌ವಿಎಂ ಚೆಕ್‌ಸಮ್ ಸರಿ ಇಲ್ಲ ಅನ್ನುತ್ತೆ, ನಿಂತುಬಿಡುತ್ತೆ. ಎನ್‌ವಿಎಂ ಅಂದ್ರೆ ಕಾರ್ಡ್‌ನ ಮ್ಯಾಕ್ ಅಡ್ರೆಸ್, ಸೆಟ್ಟಿಂಗ್ಸ್ ಎಲ್ಲಾ ಇರೋ ಫ್ಲ್ಯಾಶ್ ಮೆಮೊರಿ. ಅದೇ ಹಾಳಾಗಿದೆ ಅಂದ್ಮೇಲೆ ಹಳೇ ಕರ್ನಲ್‌ಗೆ ವಾಪಸ್ ಹೋದ್ರೂ ಕಾರ್ಡ್ ಬರಲ್ಲ. ಸಾಫ್ಟ್‌ವೇರ್ ಬಗ್ ಒಂದು ಹಾರ್ಡ್‌ವೇರನ್ನೇ ತಿಂದುಹಾಕಿತ್ತು. ಉಬುಂಟು ತನ್ನ ಮುಂದಿನ ಬಿಡುಗಡೆಯ ಟೆಸ್ಟ್ ಕರ್ನಲ್‌ನಲ್ಲಿ ಆ ಡ್ರೈವರನ್ನೇ ಆಫ್ ಮಾಡ್ತು, ಬೇರೆ ಡಿಸ್ಟ್ರೋಗಳೂ ಗಾಬರಿ ಬಿದ್ವು. ಅನುಮಾನ ಮೊದಲು ಹೋಗಿದ್ದು ಡ್ರೈವರ್ ಮೇಲೆ, ಆಮೇಲೆ ಸ್ಕ್ರೀನ್ ನೋಡ್ಕೊಳ್ಳೋ ಎಕ್ಸ್ ಸರ್ವರ್ ಮೇಲೆ. ಇಂಟೆಲ್‌ನೋರು ಫ್ಲ್ಯಾಶ್‌ಗೆ ಯಾರೂ ಬರೆಯೋಕೆ ಆಗದ ಹಾಗೆ ಲಾಕ್ ಹಾಕೋ ಪ್ಯಾಚ್ ಕಳಿಸಿದ್ರು, ಆದ್ರೂ ಬರೀತಿರೋದು ಯಾರು ಅಂತ ತಿಳಿದಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಡೈನಾಮಿಕ್ ಎಫ್‌ಟ್ರೇಸ್. ಆಗ ಅದು ಕೆಲಸ ಮಾಡ್ತಿದ್ದ ರೀತಿ ಹೀಗೆ: ಪ್ರತಿ ಫಂಕ್ಷನ್ ಶುರುವಲ್ಲಿ ಒಂದು ಎಂಕೌಂಟ್ ಕಾಲ್ ಇರುತ್ತೆ, ಮೊದಲ ಸಲ ಅದು ಓಡಿದಾಗ ಆ ಅಡ್ರೆಸ್‌ನ ಪಟ್ಟಿಗೆ ಸೇರಿಸ್ಕೊಳ್ಳೋದು, ಆಮೇಲೆ ಒಂದು ಕರ್ನಲ್ ಥ್ರೆಡ್ ಎದ್ದು ಆ ಜಾಗದಲ್ಲಿ ಏನೂ ಮಾಡದ ನಾಪ್ ಇನ್‌ಸ್ಟ್ರಕ್ಷನ್ ಬರೆಯೋದು. ಮಾಡ್ಯೂಲ್ (ಬೇಕಾದಾಗ ಸೇರಿಸೋ ಕರ್ನಲ್ ತುಂಡು) ಲೋಡ್ ಆದ್ಮೇಲೆ, ಶುರುವಲ್ಲಿ ಮಾತ್ರ ಬೇಕಾಗೋ ಅದರ ಇನಿಟ್ ಭಾಗದ ಮೆಮೊರಿ ಬಿಟ್ಟುಕೊಡ್ತಾರೆ, ಆದ್ರೆ ಪಟ್ಟಿಯಲ್ಲಿ ಆ ಅಡ್ರೆಸ್ ಹಾಗೇ ಉಳೀತಿತ್ತು. ಅದೇ ಅಡ್ರೆಸ್‌ಗೆ ಇನ್ನೊಬ್ಬರು ಬಂದು ಕೂತ್ಕೊಂಡ್ರೆ? ಅದಕ್ಕೂ ಒಂದು ಕಾವಲು ಇತ್ತು, ಬರೆಯೋ ಮುಂಚೆ ಅಲ್ಲಿ ಹಳೇ ಬೈಟ್‌ಗಳೇ ಇವೆಯಾ ಅಂತ ನೋಡೋಕೆ ಕಂಪೇರ್ ಎಕ್ಸ್‌ಚೇಂಜ್ ಇನ್‌ಸ್ಟ್ರಕ್ಷನ್ ಬಳಸ್ತಿದ್ರು, ಹೊಂದದಿದ್ರೆ ಬದಲಾಗಲ್ಲ ಅನ್ನೋ ನಂಬಿಕೆ. ಮಾಮೂಲಿ ರ‍್ಯಾಮ್ ಮೇಲೆ ಆ ನಂಬಿಕೆ ಸರಿ. ಆದ್ರೆ ಆ ಇನ್‌ಸ್ಟ್ರಕ್ಷನ್ ಹೊಂದಲಿಲ್ಲ ಅಂದ್ರೂ ಇದ್ದಿದ್ದನ್ನೇ ಮತ್ತೆ ವಾಪಸ್ ಬರೆಯುತ್ತೆ, ರ‍್ಯಾಮ್‌ಗೆ ಅದರಿಂದ ಏನೂ ಆಗಲ್ಲ, ಆದ್ರೆ ಈ ಸಲ ಆ ಅಡ್ರೆಸ್‌ನಲ್ಲಿ ಐಒರೀಮ್ಯಾಪ್ ಆಗಿ (ಡಿವೈಸ್‌ನ ಮೆಮೊರಿಯನ್ನ ಕರ್ನಲ್ ಅಡ್ರೆಸ್‌ಗೆ ಜೋಡಿಸೋದು) ಕೂತಿದ್ದು ನೆಟ್‌ವರ್ಕ್ ಕಾರ್ಡ್‌ನ ಫ್ಲ್ಯಾಶ್. ಆ ಒಂದು ರೈಟ್ ಸಾಕಾಯ್ತು.

ಅಕ್ಟೋಬರ್ 9ಕ್ಕೆ 2.6.27 ಹೊರಗೆ ಬಂತು. ಒಂದು ವಾರದೊಳಗೆ ಬಂದ 2.6.27.1ರ ಕೆಲಸ ಒಂದೇ, ಡೈನಾಮಿಕ್ ಎಫ್‌ಟ್ರೇಸ್ ಆಫ್ ಮಾಡೋದು. ಆಮೇಲೆ ಇಡೀ ವಿನ್ಯಾಸಾನೇ ಬದಲಾಯಿಸಿ, ಎಂಕೌಂಟ್ ಜಾಗಗಳ ಪಟ್ಟಿಯನ್ನ ಓಡುವಾಗ ಕೂಡಿಸೋ ಬದಲು ಕಂಪೈಲ್ ಹೊತ್ತಲ್ಲೇ ತಯಾರು ಮಾಡೋ ಹಾಗೆ ಮಾಡಿದ್ರು. ಇವತ್ತು ಎಫ್‌ಟ್ರೇಸ್ ಡಿಸ್ಟ್ರೋ ಕರ್ನಲ್‌ಗಳಲ್ಲಿ ಆನ್ ಇದೆ, ಕೋಟಿಗಟ್ಟಲೆ ಮಷೀನ್‌ಗಳಲ್ಲಿ ತೊಂದರೆ ಇಲ್ಲದೆ ಓಡ್ತಿದೆ. ಈ ಘಟನೆಯಲ್ಲಿ ಇಂಥವರದ್ದೇ ತಪ್ಪು ಅಂತ ಬೆರಳು ತೋರಿಸೋಕಾಗಲ್ಲ, ಬೇರೆ ಬೇರೆಯಾಗಿ ನೋಡಿದ್ರೆ ಪ್ರತಿ ತುಂಡೂ ಸರಿಯಾಗೇ ಇತ್ತು. ಆದ್ರೆ ಡಿಬಗ್ ಆಪ್ಷನ್ ಅಂದ್ರೆ ಅಪಾಯ ಅನ್ನೋ ಮಾತು ಉಳ್ಕೊಂಡ್ತು, ಅದನ್ನ ಸರಿಪಡಿಸಿದ ಕೆಲಸದ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ನನಗೆ ಬೇಜಾರಾಗೋದು ಅದಕ್ಕೇ.

ಮೆಮೊರಿ ಬಗ್‌ಗಳ ಕಡೆ ಬಂದ್ರೆ ಖರ್ಚು ಹೇಗೆ ಇಳೀತಾ ಬಂತು ಅಂತ ಚೆನ್ನಾಗಿ ಕಾಣುತ್ತೆ. 2009ರ ಕೆಮೆಮ್‌ಚೆಕ್ ಆನ್ ಮಾಡಿದ್ರೆ ಉಳಿದ ಸಿಪಿಯುಗಳೆಲ್ಲ ಆಫ್, ಒಂದೇ ಕೋರ್ ಮೇಲೆ ಓಡ್ಬೇಕು. ಅಷ್ಟು ಕಷ್ಟಪಟ್ಟು ಬಳಸೋರು ಕಮ್ಮಿ, ಕೊನೆಗೆ 4.15ರಲ್ಲಿ ತೆಗೆದೇಬಿಟ್ರು. 2015ರಲ್ಲಿ 4.0 ಜೊತೆ ಕಸಾನ್ ಬಂತು. ಇದು ಕಂಪೈಲರ್ ಸಹಾಯದಿಂದ ಪ್ರತಿ ಮೆಮೊರಿ ಓದು-ಬರಹದ ಮುಂದೆ ಚೆಕ್ ಸೇರಿಸುತ್ತೆ, ಪ್ರತಿ 8 ಬೈಟ್‌ಗೆ 1 ಬೈಟ್ ಲೆಕ್ಕ ಇಡುತ್ತೆ, ಅಂದ್ರೆ ಮೆಮೊರಿಯ ಎಂಟನೇ ಒಂದು ಭಾಗ ಅಲ್ಲಿಗೇ ಹೋಯ್ತು, ವೇಗ ಸುಮಾರು ಮೂರು ಪಟ್ಟು ಕಮ್ಮಿ. ಆದ್ರೆ ಫ್ರೀ ಮಾಡಿದ ಮೆಮೊರಿ ಮುಟ್ಟಿದ್ರೆ ಯಾರು ಅಲೊಕೇಟ್ ಮಾಡಿದ್ರು, ಯಾರು ಫ್ರೀ ಮಾಡಿದ್ರು, ಯಾರು ಮುಟ್ಟಿದ್ರು, ಮೂರೂ ಸ್ಟ್ಯಾಕ್ ಮುಂದಿಡುತ್ತೆ. ಗೂಗಲ್‌ನ ಸಿಜ್‌ಬಾಟ್ 2017ರಿಂದ ಇಂಥ ಆಪ್ಷನ್‌ಗಳನ್ನ ಆನ್ ಮಾಡಿರೋ ಕರ್ನಲ್‌ಗಳಿಗೆ ಹಗಲು ರಾತ್ರಿ ವಿಚಿತ್ರ ಸಿಸ್ಟಂ ಕಾಲ್‌ಗಳನ್ನ ತಿನ್ನಿಸ್ತಾ ಸಾವಿರಾರು ಬಗ್ ಹಿಡಿದುಕೊಟ್ಟಿದೆ. 2021ರಲ್ಲಿ 5.12 ಜೊತೆ ಕೆಫೆನ್ಸ್ ಬಂತು, ಇದು ಪ್ರತಿ ಅಲೊಕೇಶನ್ ನೋಡಲ್ಲ, ಡಿಫಾಲ್ಟ್ ಆಗಿ 100 ಮಿಲಿಸೆಕೆಂಡಿಗೆ ಒಂದನ್ನ ಮಾತ್ರ ಕಾವಲಿಗೆ ಹಾಕುತ್ತೆ, ತಗೊಳ್ಳೋ ಮೆಮೊರಿ ಸುಮಾರು 2 ಎಂಬಿ. ಒಂದು ಮಷೀನ್‌ನಲ್ಲಿ ಏನೂ ಸಿಗದೇ ಇರ್ಬಹುದು, ಸಾವಿರ ಸರ್ವರ್ ಇರೋ ಕಡೆ ಖಂಡಿತ ಉಪಯೋಗಕ್ಕೆ ಬರುತ್ತೆ. ಇದನ್ನ ಪ್ರೊಡಕ್ಷನ್‌ನಲ್ಲಿ ಆನ್ ಇಡೋಕೆ ಅಂತಾನೇ ಮಾಡಿರೋದು.

ಈ ನಡುವೆ ಇನ್ನೊಂದು ಗೋಜಲು ಸೇರ್ಕೊಂಡ್ತು. ಕರ್ನಲ್‌ನ ಓದೋಕೆ ಮಾತ್ರ ಇರೋ ಭಾಗಕ್ಕೆ ಬರೆಯೋದನ್ನ ತಡೆಯೋ ಡಿಬಗ್ ರೋಡೇಟಾ ಅನ್ನೋ ಆಪ್ಷನ್ ವರ್ಷಗಟ್ಟಲೆ ಡಿಬಗ್ ಲೆಕ್ಕದಲ್ಲೇ ಇತ್ತು, ಆಮೇಲೆ ಅದು ರಕ್ಷಣೆಯ ಮೂಲ ಪದರ ಅಂತ ಅರಿವಾಗಿ 4.11ರಲ್ಲಿ ಸ್ಟ್ರಿಕ್ಟ್ ಕರ್ನಲ್ ಆರ್‌ಡಬ್ಲ್ಯೂಎಕ್ಸ್ ಆಗಿ ಬದಲಾಯ್ತು. ಲಿಂಕ್ಡ್ ಲಿಸ್ಟ್ ಕೆಟ್ಟಿದೆಯಾ ನೋಡೋ ಡಿಬಗ್ ಲಿಸ್ಟ್ ಚೆಕ್‌ನ ಹಗುರ ರೂಪ 2023ರಲ್ಲಿ 6.6ಕ್ಕೆ ಲಿಸ್ಟ್ ಹಾರ್ಡನ್ಡ್ ಆಗಿ ಬಂತು. ಇದಕ್ಕೆ ಉಲ್ಟಾ, ಡಿಬಗ್‌ಎಫ್‌ಎಸ್ ಥರದ್ದು ಒಳಗಿನ ಮಾಹಿತಿ ಹೊರಗೆ ತೋರಿಸುತ್ತೆ ಅಂತ ಭದ್ರತೆ ಬೇಕಾದ ಕಡೆ ಮುಚ್ಚಿಡ್ತಾರೆ. ಹಾಗಾಗಿ ಭದ್ರತೆಗೋಸ್ಕರ ಡಿಬಗ್ ಎಲ್ಲಾ ಆಫ್ ಮಾಡಿ ಅನ್ನೋ ಸಲಹೆ ಹಿಂದೆ ಎಷ್ಟು ಸುಲಭವಾಗಿ ಕೇಳಿಸ್ತಿತ್ತೋ ಈಗ ಅಷ್ಟೇ ಅಪಾಯ.

ಜನ ದಿನಾ ಎಡವೋದು ಮಾತ್ರ ಡಿಬಗ್ ಇನ್ಫೋ (ಮಷೀನ್ ಕೋಡ್ ಸೋರ್ಸ್‌ನ ಯಾವ ಸಾಲಿನದ್ದು ಅಂತ ಹೇಳೋ ಮಾಹಿತಿ) ವಿಷಯದಲ್ಲಿ. ಇದು ಕರ್ನಲನ್ನ ನಿಧಾನ ಮಾಡಲ್ಲ, ಬಿಲ್ಡ್ ಫೈಲ್‌ಗಳನ್ನ ಊದಿಸುತ್ತೆ ಅಷ್ಟೇ. ಡಿಸ್ಟ್ರೋ ಕಾನ್ಫಿಗ್ ಕಾಪಿ ಮಾಡ್ಕೊಂಡು ಬಿಲ್ಡ್ ಮಾಡಿ ಮಾಡ್ಯೂಲ್ ಇನ್‌ಸ್ಟಾಲ್ ಮಾಡಿದ್ರೆ ಇನಿಟ್‌ಆರ್‌ಡಿ (ಬೂಟ್ ಶುರುವಲ್ಲಿ ಬೇಕಾಗೋ ಫೈಲ್) ನೂರಾರು ಎಂಬಿ ಆಗಿ ಬೂಟ್ ಪಾರ್ಟಿಷನ್ ತುಂಬಿಹೋಗುತ್ತೆ, ತಕ್ಷಣ ಡಿಬಗ್ ಇನ್ಫೋನೇ ಆಫ್ ಮಾಡ್ತಾರೆ. ಅದು ಬೇಕಿಲ್ಲ, ಮಾಡ್ಯೂಲ್ ಇನ್‌ಸ್ಟಾಲ್ ಮಾಡುವಾಗ ಇನ್‌ಸ್ಟಾಲ್ ಮಾಡ್ ಸ್ಟ್ರಿಪ್ ಅನ್ನೋ ವೇರಿಯಬಲ್‌ಗೆ 1 ಕೊಟ್ರೆ ಸಾಕು. 5.2ರಿಂದ ಬಿಟಿಎಫ್ (ಕರ್ನಲ್‌ನ ಡೇಟಾ ಟೈಪ್‌ಗಳ ಚಿಕ್ಕ ವಿವರ) ಬೇರೆ ಇದೆ, ಪಾಹೋಲ್ ಅನ್ನೋ ಟೂಲ್ ಡಿಬಗ್ ಇನ್ಫೋ ಓದಿ ಅದನ್ನ ಕೆಲವೇ ಎಂಬಿಗೆ ಇಳಿಸಿ ಕರ್ನಲ್ ಒಳಗೇ ಇಡುತ್ತೆ, ಇವತ್ತಿನ ಬಿಪಿಎಫ್ (ಓಡ್ತಿರೋ ಕರ್ನಲ್‌ಗೆ ಸಣ್ಣ ಪ್ರೋಗ್ರಾಂ ಹಾಕೋ) ಟೂಲ್‌ಗಳು ನಿಂತಿರೋದು ಅದರ ಮೇಲೆ. 2022ರಲ್ಲಿ 5.18 ಬಂದಾಗ ಡಿಬಗ್ ಇನ್ಫೋ ಅನ್ನೋದು ಹೌದು-ಇಲ್ಲ ಪ್ರಶ್ನೆ ಹೋಗಿ ಆಯ್ಕೆ ಪಟ್ಟಿ ಆಯ್ತು, ಡಿಫಾಲ್ಟ್ 'ನನ್', ಅಂದ್ರೆ ಯಾವುದೂ ಬೇಡ. ಹಳೇ ಕಾನ್ಫಿಗ್‌ನ ಓಲ್ಡ್‌ಡೆಫ್‌ಕಾನ್ಫಿಗ್‌ಗೆ (ಹೊಸ ಪ್ರಶ್ನೆಗಳಿಗೆ ಡಿಫಾಲ್ಟ್ ಉತ್ತರ ತುಂಬೋ ಕಮಾಂಡ್) ಕೊಟ್ಟೋರಿಗೆ ಒಂದು ಮಾತೂ ಹೇಳದೆ ಡಿಬಗ್ ಇನ್ಫೋ ಹೋಯ್ತು, ಜೊತೆಗೆ ಬಿಟಿಎಫ್ಫೂ ಹೋಯ್ತು. ಆರ್ಕಿಟೆಕ್ಚರ್‌ಗಳ (ಪ್ರೊಸೆಸರ್ ಬಗೆಗಳ) ಡೆಫ್‌ಕಾನ್ಫಿಗ್‌ಗಳನ್ನೂ (ಡಿಫಾಲ್ಟ್ ಕಾನ್ಫಿಗ್) ಆಮೇಲೆ ಸರಿ ಮಾಡ್ಬೇಕಾಯ್ತು. ಹಳೇ ಕಾನ್ಫಿಗ್ ಹೊತ್ಕೊಂಡು ಬರೋರು ಡಿಬಗ್ ಇನ್ಫೋ ಸಾಲನ್ನ ಒಂದು ಸಲ ಗ್ರೆಪ್ ಮಾಡಿ (ಹುಡುಕಿ) ನೋಡ್ಲೇಬೇಕು.

ಈಗ ಆಯ್ಕೆಗೆ ಬರೋಣ. ಡೆವಲಪ್‌ಮೆಂಟ್ ಮಷೀನ್ ಅಂದ್ರೆ ಪ್ರೂವ್ ಲಾಕಿಂಗ್, ಡಿಬಗ್ ಅಟಾಮಿಕ್ ಸ್ಲೀಪ್ (ನಿದ್ದೆ ಹೋಗಬಾರದ ಕಡೆ ಕೋಡ್ ನಿದ್ದೆ ಹೋದ್ರೆ ಹೇಳೋದು), ಕಸಾನ್ ಇರ್ಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಪ್ಯಾಚ್ ಕಳಿಸೋ ಮುಂಚೆ ಏನೇನು ಟೆಸ್ಟ್ ಮಾಡ್ಬೇಕು ಅಂತ ಕರ್ನಲ್ ಜೊತೆ ಬರೋ ಚೆಕ್‌ಲಿಸ್ಟ್ ಕೂಡ ಲಾಕ್, ಮ್ಯೂಟೆಕ್ಸ್, ಪೇಜ್ ಅಲೊಕೇಶನ್ ಡಿಬಗ್‌ಗಳನ್ನೆಲ್ಲ ಒಟ್ಟಿಗೆ ಆನ್ ಮಾಡಿ ಅಂತಾನೇ ಹೇಳುತ್ತೆ. ಅದನ್ನ ಓದಿದ ಮೇಲೂ ಮೆನು ಮಾತ್ರ ಗೊತ್ತಿಲ್ಲದಿದ್ರೆ ಎನ್ ಅನ್ನುತ್ತೆ, ಹೊಸಬ ಯಾವುದನ್ನ ನಂಬ್ಬೇಕು? ಪ್ರೊಡಕ್ಷನ್ ಅಂದ್ರೆ ಕೆಡಂಪ್, ಎಫ್‌ಟ್ರೇಸ್, ಬಿಟಿಎಫ್, ಕೆಫೆನ್ಸ್ ಇರ್ಲಿ, ಕಸಾನ್ ಬೇಡ. ಒಂದೊಂದನ್ನೇ ಹುಡುಕೋಕೆ ಪುರುಸೊತ್ತಿಲ್ಲ ಅನ್ನೋರಿಗೆ 5.17ರಿಂದ ಡಿಬಗ್ ಡಾಟ್ ಕಾನ್ಫಿಗ್ ಅನ್ನೋ ರೆಡಿಮೇಡ್ ತುಣುಕು ಸೋರ್ಸ್ ಜೊತೆಗೇ ಬರುತ್ತೆ, ಡೆಫ್‌ಕಾನ್ಫಿಗ್ ಆದ್ಮೇಲೆ ಮೇಕ್ ಡಿಬಗ್ ಡಾಟ್ ಕಾನ್ಫಿಗ್ ಕೊಟ್ರೆ ಮುಖ್ಯವಾದವೆಲ್ಲ ಸೇರ್ಕೊಳ್ಳುತ್ತೆ. ಆದ್ರೆ ಒಂದೇ ಬಿಲ್ಡ್‌ನಲ್ಲಿ ಎಲ್ಲಾ ಮುಗಿಯಲ್ಲ: ಡೇಟಾ ರೇಸ್ (ಲಾಕ್ ಇಲ್ಲದೆ ಇಬ್ಬರು ಒಂದೇ ಡೇಟಾ ಮುಟ್ಟೋದು) ಹಿಡಿಯೋ ಕೆಸಿಸಾನ್ ಬೇಕಂದ್ರೆ ಕಸಾನ್ ಆಫ್ ಇರ್ಬೇಕು, ಬೆಲೆ ಹಾಕದ ಮೆಮೊರಿ ಬಳಕೆ ಹಿಡಿಯೋ ಕೆಎಂಸಾನ್‌ಗೆ ಕ್ಲ್ಯಾಂಗ್ ಕಂಪೈಲರ್ರೇ ಬೇಕು. ಹಾಗಾಗಿ ಡ್ರೈವರ್ ಬರೆಯೋರು ಕಸಾನ್‌ಗೊಂದು, ಕೆಸಿಸಾನ್‌ಗೊಂದು ಅಂತ ಎರಡು ಬಿಲ್ಡ್ ಡೈರೆಕ್ಟರಿ ಬೇರೆ ಬೇರೆ ಇಟ್ಕೊಂಡು ಶುರು ಮಾಡಿ, ಕೆಎಂಸಾನ್ ಆಮೇಲೆ ನೋಡ್ಕೋಬಹುದು.