ಪಾರ್ಟ್‌ಟೈಮ್ ದುಡಿದು ಇಂಗ್ಲೆಂಡಿನ ಫೀಸ್ ಕಟ್ಟಬಹುದೇ?

ಪ್ರಶ್ನೆ: ಮಗಳಿಗೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿದೆ. ‘ಹೇಗಾದರೂ ಫಂಡ್ ತೋರಿಸಿ ಕಳಿಸಿ ಸಾರ್, ಉಳಿದ ಫೀಸು, ಊಟ, ಬಾಡಿಗೆ ಎಲ್ಲ ಅವಳೇ ಪಾರ್ಟ್‌ಟೈಮ್ ಮಾಡಿ ನೋಡಿಕೊಳ್ತಾಳೆ’ ಎನ್ನುತ್ತಾರೆ ಕನ್ಸಲ್ಟೆನ್ಸಿಯವರು. ಇದು ಆಗುವ ಮಾತೇ?

ಉತ್ತರ: ಆಗುವುದಿಲ್ಲ. ನಂಬಿಕೆ ಬಾರದಿದ್ದರೆ ಲೆಕ್ಕ ಹಾಕಿ ನೋಡೋಣ.

ಸ್ಟೂಡೆಂಟ್ ವೀಸಾದಲ್ಲಿ ಡಿಗ್ರಿ ಅಥವಾ ಮಾಸ್ಟರ್ಸ್ ಓದುವವರು ಟರ್ಮ್ ನಡೆಯುವಾಗ ವಾರಕ್ಕೆ ಹೆಚ್ಚೆಂದರೆ 20 ಗಂಟೆ ದುಡಿಯಬಹುದು. 21 ವರ್ಷ ತುಂಬಿದವರ ಕನಿಷ್ಠ ವೇತನ 2026ರ ಏಪ್ರಿಲ್‌ನಿಂದ ಗಂಟೆಗೆ 12.71 ಪೌಂಡ್. ಸೂಪರ್‌ಮಾರ್ಕೆಟ್, ಕೆಫೆ, ಗೋಡೌನ್, ಕೇರ್ ಹೋಮ್ ಹೀಗೆ ವಿದ್ಯಾರ್ಥಿಗಳಿಗೆ ಸಿಗುವ ಹೆಚ್ಚಿನ ಕೆಲಸಗಳಿಗೆ ಸಿಗುವುದು ಈ ದರ, ಇಲ್ಲವೇ ಇದರ ಮೇಲೆ ಒಂದಿಷ್ಟು. ಒಂದು ವಾರವೂ ತಪ್ಪದೆ ಇಪ್ಪತ್ತು ಗಂಟೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ, ತಿಂಗಳಿಗೆ ಸುಮಾರು 1,100 ಪೌಂಡ್ ಆಯಿತು.

ಇನ್ನು ಖರ್ಚು. ವೀಸಾಗೆ ಅರ್ಜಿ ಹಾಕುವಾಗ ಕಟ್ಟಲು ಬಾಕಿಯಿರುವ ಮೊದಲ ವರ್ಷದ ಫೀಸಿನ ಜೊತೆ ಒಂಬತ್ತು ತಿಂಗಳ ಜೀವನವೆಚ್ಚಕ್ಕೂ ಹಣ ತೋರಿಸಬೇಕು. 2025ರ ನವೆಂಬರ್‌ನಲ್ಲಿ ಏರಿಸಿದ ಮೊತ್ತದ ಪ್ರಕಾರ ಅದು ಲಂಡನ್‌ನಲ್ಲಿ ತಿಂಗಳಿಗೆ 1,529 ಪೌಂಡ್, ಉಳಿದೆಡೆ 1,171. ಇಷ್ಟಿದ್ದರೆ ಬದುಕಬಹುದು ಎಂದು ಅಲ್ಲಿನ ಸರ್ಕಾರವೇ ಇಟ್ಟುಕೊಂಡ ಅಂದಾಜನ್ನೇ ಇಪ್ಪತ್ತು ಗಂಟೆಯ ಸಂಬಳ ಮುಟ್ಟುವುದಿಲ್ಲ. ಫೀಸಿಗೆ ಎಲ್ಲಿಂದ ಉಳಿಯಬೇಕು? ಮುಂದೆ ದುಡಿಯುತ್ತೇನೆ ಎಂಬ ಮಾತನ್ನು ವೀಸಾ ಅಧಿಕಾರಿಗಳು ಹಣ ಎಂದು ಲೆಕ್ಕಕ್ಕೆ ಹಿಡಿಯುವುದೂ ಇಲ್ಲ.

ಕನ್ಸಲ್ಟೆನ್ಸಿಯವರ ‘ಫಂಡ್ ತೋರಿಸುವ’ ಉಪಾಯ ಇಲ್ಲೇ ಬರುತ್ತದೆ. ನಿಯಮದ ಪ್ರಕಾರ ಹಣ 28 ದಿನ ಖಾತೆಯಲ್ಲಿರಬೇಕು. ಯಾರದೋ ಹಣವನ್ನು ಬಡ್ಡಿಗೆ ತಂದಿಟ್ಟು, ವೀಸಾ ಬಂದ ಮೇಲೆ ವಾಪಸ್ ಕೊಟ್ಟುಬಿಟ್ಟರೆ ಮಗಳು ವಿಮಾನ ಇಳಿಯುವ ಹೊತ್ತಿಗೆ ಕೈ ಖಾಲಿ. ಇಂಥ ಸ್ಥಿತಿಯಲ್ಲಿರುವವರೇ ಕೊನೆಗೆ ನಿಯಮ ಮುರಿಯುವುದು.

ನಿಯಮವೋ, ಕೇಳಿದ್ದಕ್ಕಿಂತ ಬಿಗಿ. ವಾರ ಎಂದರೆ ಸೋಮವಾರದಿಂದ ಭಾನುವಾರ. ಈ ವಾರ ಹನ್ನೆರಡು ಗಂಟೆ ಮಾಡಿದೆ, ಮುಂದಿನ ವಾರ ಇಪ್ಪತ್ತೆಂಟು ಮಾಡಿ ಸರಿದೂಗಿಸುತ್ತೇನೆ ಅಂದರೆ ನಡೆಯುವುದಿಲ್ಲ. ಎರಡು ಕಡೆ ಕೆಲಸವಿದ್ದರೆ ಎರಡೂ ಸೇರಿ ಇಪ್ಪತ್ತು. ಮೀರಿದರೆ ವೀಸಾ ರದ್ದಾಗಬಹುದು, ಮುಂದಿನ ಅರ್ಜಿಗೂ ಕುತ್ತು.

‘ಬೇಸಿಗೆ ರಜೆಯಲ್ಲಿ ಫುಲ್‌ಟೈಮ್ ಮಾಡಬಹುದಲ್ಲ?’ ಅಂತಲೂ ಹೇಳುತ್ತಾರೆ. ಬ್ಯಾಚುಲರ್ಸ್ ಓದುವವರಿಗೆ ಆ ಮಾತು ಸರಿ. ಒಂದು ವರ್ಷದ ಮಾಸ್ಟರ್ಸ್‌ನಲ್ಲಿ ಬೇಸಿಗೆ ಎಂದರೆ ಸಾಮಾನ್ಯವಾಗಿ ಡಿಸರ್ಟೇಶನ್, ಅಂದರೆ ಕೋರ್ಸಿನ ಕೊನೆಯ ದೊಡ್ಡ ಪ್ರಬಂಧ ಬರೆಯುವ ಕಾಲ. ಕ್ಯಾಂಪಸ್ ಖಾಲಿ ಕಂಡರೂ ಅದು ಟರ್ಮೇ, ಇಪ್ಪತ್ತು ಗಂಟೆಯ ಮಿತಿ ಹಾಗೇ ಇರುತ್ತದೆ. ಇವರಿಗೆ ನಿಜವಾದ ರಜೆ ಎಂದರೆ ಕ್ರಿಸ್‌ಮಸ್, ಈಸ್ಟರ್ ಆಸುಪಾಸಿನ ಕೆಲವು ವಾರಗಳು, ಅದೂ ವಿಶ್ವವಿದ್ಯಾಲಯ ರಜೆ ಎಂದು ಬರೆದುಕೊಟ್ಟರೆ. ಕೆಲಸ ಕೊಡುವವರು ಆ ದಿನಾಂಕಗಳ ಪತ್ರ ಕೇಳುತ್ತಾರೆ. ಕೇಳದೆ ಅವರಿಗೂ ವಿಧಿಯಿಲ್ಲ, ಅನುಮತಿ ಇಲ್ಲದವರನ್ನು ದುಡಿಸಿಕೊಂಡು ಸಿಕ್ಕಿಬಿದ್ದರೆ ತಲೆಗೆ 60,000 ಪೌಂಡ್‌ವರೆಗೆ ದಂಡ ಬೀಳಬಹುದು.

ಡೆಲಿವರಿ ಆ್ಯಪ್‌ಗಳ ವಿಷಯದಲ್ಲಂತೂ ಕಟ್ಟುನಿಟ್ಟಾಗಿ ಹೇಳಿ ಕಳಿಸಿ. ಸ್ಟೂಡೆಂಟ್ ವೀಸಾದವರು ಸ್ವಂತ ಉದ್ಯೋಗ ಮಾಡುವಂತೆಯೇ ಇಲ್ಲ. ಊಟ ತಲುಪಿಸುವ ಸವಾರರು ಸಾಮಾನ್ಯವಾಗಿ ಆ ಲೆಕ್ಕಕ್ಕೇ ಬರುತ್ತಾರೆ. ಇಪ್ಪತ್ತು ಗಂಟೆ ಹಾಗಿರಲಿ, ಒಂದು ಗಂಟೆ ಮಾಡಿದರೂ ತಪ್ಪೇ. ಬೇರೆಯವರ ಅಕೌಂಟ್ ಬಾಡಿಗೆಗೆ ಪಡೆದು ಓಡಿಸುವುದು ಇನ್ನೂ ದೊಡ್ಡ ತಪ್ಪು. ಅಲ್ಲಿ ಕೂತು ಬೆಂಗಳೂರಿನ ಕಂಪನಿಗೆ ಲ್ಯಾಪ್‌ಟಾಪ್‌ನಲ್ಲಿ ಫ್ರೀಲಾನ್ಸ್ ಮಾಡುವಂತೆಯೂ ಇಲ್ಲ.

ಮದುವೆಯಾದವರು ಗಂಡನನ್ನೋ ಹೆಂಡತಿಯನ್ನೋ ಜೊತೆಗೆ ಕರೆದೊಯ್ದು, ಅವರ ಫುಲ್‌ಟೈಮ್ ಸಂಬಳದಲ್ಲಿ ಫೀಸು ತೀರಿಸುವುದು ಹಿಂದೆ ಇತ್ತು. ಬೋಧನೆ ಆಧಾರಿತ ಮಾಸ್ಟರ್ಸ್‌ಗೆ 2024ರ ಜನವರಿಯಿಂದ ಆ ದಾರಿಯೂ ಮುಚ್ಚಿದೆ.

ಹಾಗಂತ ಪಾರ್ಟ್‌ಟೈಮ್ ಬೇಡ ಅನ್ನುತ್ತಿಲ್ಲ. ಫೀಸು, ಬಾಡಿಗೆಗೆ ಸಾಲವನ್ನೋ ಉಳಿತಾಯವನ್ನೋ ಪೂರ್ತಿ ಹೊಂದಿಸಿ, ದಿನಸಿ, ಬಸ್ಸು, ಫೋನಿಗೆ ಅವಳು ದುಡಿಯಲಿ. ಅಲ್ಲಿಗೆ ಹೋಗಿ ಇಳಿದ ವಾರವೇ ಕೆಲಸ ಸಿಗುತ್ತದೆ ಎಂದುಕೊಳ್ಳಬೇಡಿ. ಝೀರೋ ಅವರ್ಸ್ ಒಪ್ಪಂದವಾದರೆ ಒಂದು ವಾರ ಶಿಫ್ಟ್ ಇರುತ್ತದೆ, ಇನ್ನೊಂದು ವಾರ ಇರುವುದಿಲ್ಲ. ನನ್ನನ್ನು ಕೇಳಿದರೆ, ಮೊದಲು ನೋಡಬೇಕಾದದ್ದು ವಿಶ್ವವಿದ್ಯಾಲಯದೊಳಗಿನ ಕೆಲಸ: ಲೈಬ್ರರಿ, ಓಪನ್ ಡೇ, ಸ್ಟೂಡೆಂಟ್ ಅಂಬಾಸಿಡರ್. ವೀಸಾ ನಿಯಮ ಅವರಿಗೆ ಗೊತ್ತಿರುತ್ತದೆ, ಪರೀಕ್ಷೆಯ ಕಾಲ ಯಾವುದೆಂಬುದೂ ಗೊತ್ತಿರುತ್ತದೆ.

ಪೇಸ್ಲಿಪ್ ಕೊಡದೆ, ಕನಿಷ್ಠ ವೇತನಕ್ಕಿಂತ ಕಡಿಮೆಗೆ ಕೈಗೆ ನಗದು ಕೊಡುವ ಕಡೆ ಸೇರಬಾರದು. ಅಂಥ ಮಾಲೀಕರು ನಮ್ಮೂರಿನವರೇ ಆಗಿದ್ದರೂ ಅಷ್ಟೇ. ದುಡಿಯುವವರಿಗೆ ಅಲ್ಲಿನ ಸರ್ಕಾರ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಬರುವವರೆಗೂ ಕಾಯಬೇಕಿಲ್ಲ, ಅದಕ್ಕೆ ಅರ್ಜಿ ಹಾಕಿ, ಕೆಲಸದ ಅನುಮತಿಯನ್ನು ಆನ್‌ಲೈನ್‌ನಲ್ಲಿ ಖಚಿತಪಡಿಸುವ ಶೇರ್ ಕೋಡ್ ತೋರಿಸಿದರೆ ಕೆಲಸ ಶುರುಮಾಡಬಹುದು. ಮೊದಲ ಸಂಬಳದಲ್ಲಿ ತೆರಿಗೆ ಜಾಸ್ತಿ ಹಿಡಿದಂತೆ ಕಂಡರೆ ಗಾಬರಿಯಾಗದೆ ಪೇಸ್ಲಿಪ್‌ನಲ್ಲಿ ಟ್ಯಾಕ್ಸ್ ಕೋಡ್, ಅಂದರೆ ಎಷ್ಟು ತೆರಿಗೆ ಹಿಡಿಯಬೇಕೆಂದು ಹೇಳುವ ಸಂಕೇತ ನೋಡಲಿ. ಏಪ್ರಿಲ್‌ನಿಂದ ಏಪ್ರಿಲ್‌ಗೆ ಎಣಿಸುವ ವರ್ಷದಲ್ಲಿ 12,570 ಪೌಂಡ್‌ವರೆಗೆ ಆದಾಯ ತೆರಿಗೆ ಇಲ್ಲ. ಹೆಚ್ಚು ಹಿಡಿದಿದ್ದರೆ ಕೇಳಿ ವಾಪಸ್ ಪಡೆಯಬಹುದು.