ಕಂದಾಯ ಕಟ್ಟಿದರೂ ಕಾವೇರಿಗೆ, ಮೆಟ್ರೋಗೆ ಜಪಾನ್ ಸಾಲ ಯಾಕೆ?

ಓದುಗರ ಪ್ರಶ್ನೆ: ಪ್ರತಿ ಏಪ್ರಿಲ್‌ನಲ್ಲೂ ತಪ್ಪದೆ ಬೆಂಗಳೂರಿನ ಮನೆಗೆ ಆಸ್ತಿ ತೆರಿಗೆ ಕಟ್ಟುತ್ತೇವೆ. ನೀರಿನ ಬಿಲ್ಲೂ ಏರಿತು, ಮೆಟ್ರೋ ಟಿಕೆಟ್ಟೂ ಏರಿತು. ಆದರೂ ದೊಡ್ಡ ಕಾಮಗಾರಿ ಎಂದ ಕೂಡಲೇ ಜಪಾನ್ ಸಾಲ, ಎಡಿಬಿ (ಏಷ್ಯಾ ಅಭಿವೃದ್ಧಿ ಬ್ಯಾಂಕ್) ಸಾಲ ಅನ್ನುತ್ತಾರೆ. ನಮ್ಮ ದುಡ್ಡು ಎಲ್ಲಿಗೆ ಹೋಗುತ್ತದೆ? ಈ ಸಾಲ ತೀರಿಸುವವರು ಯಾರು?

ತೀರಿಸುವವರು ನೀವೇ. ಟಿಕೆಟ್ಟು, ನೀರಿನ ಬಿಲ್ಲು, ರಾಜ್ಯಕ್ಕೆ ಕಟ್ಟುವ ತೆರಿಗೆ, ಇವು ಬಿಟ್ಟರೆ ಅಸಲು-ಬಡ್ಡಿಗೆ ಬೇರೆ ಮೂಲವಿಲ್ಲ. ಸಾಲದಿಂದ ಸಿಗುವುದು ಕಾಲಾವಕಾಶ ಮಾತ್ರ: ಇಂದು ಹಾಕಿದ ಕೊಳವೆಯ ಬೆಲೆಯನ್ನು ಮುಂದಿನ ಎರಡು ಮೂರು ದಶಕಗಳಲ್ಲಿ ಕಂತು ಕಂತಾಗಿ ಕೊಡಬಹುದು. ಐವತ್ತು ವರ್ಷ ಬಾಳುವ ಸುರಂಗಕ್ಕೆ ಇದು ತಪ್ಪೇನಲ್ಲ. ಆದರೆ ಕಂತು ಕಟ್ಟುವಷ್ಟು ಆದಾಯ ಇದೆಯೇ ಎಂಬುದನ್ನು ಮೊದಲೇ ಲೆಕ್ಕ ಹಾಕಿರಬೇಕು. ನಮ್ಮಲ್ಲಿ ಎಡವುವುದು ಅಲ್ಲೇ.

ನಿಮ್ಮ ಆಸ್ತಿ ತೆರಿಗೆಯ ಬಹುಪಾಲು ಮೆಟ್ರೋ ಅಥವಾ ಕಾವೇರಿಯ ಖಾತೆಗೆ ಹೋಗುವುದೇ ಇಲ್ಲ. ಮೆಟ್ರೋ ನಡೆಸುವ ಬಿಎಂಆರ್‌ಸಿಎಲ್ ಕೇಂದ್ರ ಮತ್ತು ರಾಜ್ಯಗಳ ಜಂಟಿ ಕಂಪನಿ. ಜಲಮಂಡಳಿ 1964ರಿಂದ ಇರುವ ರಾಜ್ಯದ ಮಂಡಳಿ. ಆಸ್ತಿ ತೆರಿಗೆ ಪಾಲಿಕೆಯದ್ದು. ಅದರ ಲೆಕ್ಕವನ್ನೂ ಒಮ್ಮೆ ನೋಡಿ. 2008ರಲ್ಲಿ ಬಂದ ಯೂನಿಟ್ ಏರಿಯಾ ಪದ್ಧತಿಯಲ್ಲಿ ಬಡಾವಣೆಯ ವಲಯಕ್ಕೆ ತಕ್ಕಂತೆ ಚದರ ಅಡಿಗೆ ಇಂತಿಷ್ಟು ದರ. ನಿಮ್ಮ ಮನೆ 1,000 ಚದರ ಅಡಿ, ದರ ತಿಂಗಳಿಗೆ 2 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಹಿಡಿಯುವುದು 10 ತಿಂಗಳು, ಅಂದರೆ 20,000 ರೂಪಾಯಿ. ಕಟ್ಟಡದ ಸವಕಳಿ ಶೇ 10 ಕಳೆದರೆ 18,000. ಅದರ ಶೇ 20, ಅಂದರೆ 3,600 ರೂಪಾಯಿ ತೆರಿಗೆ. ಮೇಲೆ ಶೇ 24 ಉಪಕರ 864. ಒಟ್ಟು 4,464. ಆ ಶೇ 24ರಲ್ಲಿ ಆರೋಗ್ಯಕ್ಕೆ ಶೇ 15, ಗ್ರಂಥಾಲಯಕ್ಕೆ ಶೇ 6, ಭಿಕ್ಷುಕರ ಪುನರ್ವಸತಿಗೆ ಶೇ 3. (ಹೌದು, ಆ ಕೊನೆಯದನ್ನೂ ನೀವು ಪ್ರತಿ ವರ್ಷ ಕಟ್ಟುತ್ತಿದ್ದೀರಿ.)

ಈ ಸೂತ್ರದಲ್ಲಿ ನಿಮ್ಮ ಸೈಟಿನ ಇಂದಿನ ಬೆಲೆಗೆ ಜಾಗವೇ ಇಲ್ಲ. 2016ರಲ್ಲಿ ಮನೆಗಳ ತೆರಿಗೆ ದರ ಶೇ 20 ಏರಿತು. ಆದರೆ ಅದೇ ಅವಧಿಯಲ್ಲಿ ವೈಟ್‌ಫೀಲ್ಡ್, ಕನಕಪುರ ರಸ್ತೆಗಳಲ್ಲಿ ಜಮೀನಿನ ಬೆಲೆ ಎಲ್ಲಿಗೆ ಹೋಯಿತೆಂದು ಹೇಳಬೇಕಿಲ್ಲ. ಮೆಟ್ರೋ ಬಂದು ನಿಲ್ದಾಣದ ಪಕ್ಕದ ಸೈಟಿಗೆ ಬೆಲೆ ಏರಿದರೆ ಲಾಭ ಮಾಲೀಕನದು. ಮಾರಾಟವಾದಾಗ ಬರುವ ಮುದ್ರಾಂಕ ಶುಲ್ಕ ರಾಜ್ಯದ ಬೊಕ್ಕಸಕ್ಕೆ. ಹಳಿ ಹಾಕಿದ ಕಂಪನಿಗೆ ಸಿಗುವುದು ಟಿಕೆಟ್ ದುಡ್ಡು, ಒಂದಷ್ಟು ಜಾಹೀರಾತು, ಬಾಡಿಗೆ. ಈ ಏರಿಕೆಯಲ್ಲಿ ಪಾಲು ಪಡೆಯದ ನಗರ ಸಾಲಗಾರನಾಗದೆ ಇರಲಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಹಾಂಗ್‌ಕಾಂಗ್‌ನ ಮೆಟ್ರೋ ಕಂಪನಿ ನಿಲ್ದಾಣದ ಮೇಲಿನ, ಸುತ್ತಲಿನ ಕಟ್ಟಡಗಳ ಅಭಿವೃದ್ಧಿ ಹಕ್ಕು ಪಡೆದು ಹಳಿಯ ಖರ್ಚು ತುಂಬಿಕೊಂಡಿದೆ. ಇತ್ತ ಬೆಂಗಳೂರು ಮೆಟ್ರೋದ ಎರಡನೇ ಹಂತಕ್ಕೆ 2014ರಲ್ಲಿ ಒಪ್ಪಿಗೆ ಕೊಡುವಾಗಲೇ ಅಂದಾಜು 26,405 ಕೋಟಿ ರೂಪಾಯಿ ಇತ್ತು; ಟಿಕೆಟ್ ದುಡ್ಡೊಂದರಿಂದಲೇ ತುಂಬುವ ಮೊತ್ತವಲ್ಲ ಅದು.

ನೀರಿನ ಕಥೆ ಇನ್ನೂ ಬಿಗಿ. ಕಾವೇರಿ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾಯಿತು, ದಿನಕ್ಕೆ 77.5 ಕೋಟಿ ಲೀಟರ್, ಮುಖ್ಯವಾಗಿ ನಗರಕ್ಕೆ ಸೇರಿಸಿಕೊಂಡ ಹೊರವಲಯದ 110 ಹಳ್ಳಿಗಳಿಗೆ. ಸಾಲ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದ್ದು. ಸಾಲ ತೀರಿಸುವುದು ಒಂದು ಕಡೆ, ಸುಮಾರು 100 ಕಿಲೋಮೀಟರ್ ದೂರದಿಂದ ನೀರನ್ನು ಮೇಲೆತ್ತುವ ವಿದ್ಯುತ್ ಬಿಲ್ ಪ್ರತಿ ತಿಂಗಳು ಇನ್ನೊಂದು ಕಡೆ. 2014ರ ದರದಲ್ಲಿ ಮನೆಯ ಮೊದಲ 8,000 ಲೀಟರಿಗೆ ಸಾವಿರ ಲೀಟರಿಗೆ 7 ರೂಪಾಯಿ. ಆ ದರ 2025ರ ಏಪ್ರಿಲ್‌ವರೆಗೆ ಅಲುಗಲಿಲ್ಲ. 2024ರ ಬರದಲ್ಲಿ ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ, 5 ಕಿಲೋಮೀಟರ್ ಒಳಗೆ, 600 ರೂಪಾಯಿ ಮಿತಿ ಹಾಕಿತು. ಅಷ್ಟೇ ನೀರಿಗೆ ಮಂಡಳಿಯ ಆ ದರದಲ್ಲಿ 42 ರೂಪಾಯಿ. ಹನ್ನೊಂದು ವರ್ಷ ದರ ಮುಟ್ಟದೆ ಒಮ್ಮೆಗೇ ಏರಿಸಿದರೆ ಜನ ಬೈಯುತ್ತಾರೆ. ಪ್ರತಿ ವರ್ಷ ಸ್ವಲ್ಪ ಏರಿಸಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಇದರ ನಡುವೆ ಕೊಳವೆ ಸಂಪರ್ಕವಿಲ್ಲದ ಬಡವನೇ ಟ್ಯಾಂಕರ್ ದರ ಕೊಟ್ಟದ್ದು.

ವಿದೇಶಿ ಸಾಲದ ಬಡ್ಡಿ ಕಡಿಮೆ ಎಂದು ಹಿಗ್ಗುವುದಕ್ಕೂ ಮಿತಿ ಇದೆ. ಸಾಲಗಾರ ಭಾರತ ಸರ್ಕಾರ. ಆದರೆ 2005ರಿಂದ ಕರ್ನಾಟಕದಂಥ ರಾಜ್ಯಗಳಿಗೆ ಆ ಸಾಲವನ್ನು ಅದೇ ಷರತ್ತುಗಳೊಂದಿಗೆ ದಾಟಿಸಲಾಗುತ್ತದೆ, ವಿನಿಮಯ ದರದ ನಷ್ಟವೂ ರಾಜ್ಯದ್ದೇ. 2011ರ ಆರಂಭದಲ್ಲಿ ಡಾಲರ್ ಸುಮಾರು 45 ರೂಪಾಯಿ, 2025ರಲ್ಲಿ 85 ದಾಟಿತ್ತು. ಹತ್ತು ಕೋಟಿ ಡಾಲರಿನ ಅಸಲು 450 ಕೋಟಿಯಿಂದ 850 ಕೋಟಿಯಾಯಿತು. ಅಗ್ಗದ ಬಡ್ಡಿಯ ಲಾಭವನ್ನು ಇದು ನುಂಗುತ್ತದೆ. ಇನ್ನೊಂದು: ಎಡಿಬಿ ಮಂಜೂರು ಮಾಡಿ ನಾವು ಎತ್ತಿಕೊಳ್ಳದ ಹಣಕ್ಕೂ ವರ್ಷಕ್ಕೆ ಶೇ 0.15 ಶುಲ್ಕ ಉಂಟು. ಭೂಸ್ವಾಧೀನ, ಮರ ಕಡಿಯುವ ಅನುಮತಿ ತಡವಾದಷ್ಟೂ ಈ ಮೀಟರ್ ಓಡುತ್ತದೆ, ಜೊತೆಗೆ ಕಬ್ಬಿಣ, ಸಿಮೆಂಟ್ ದರವೂ ಏರುತ್ತದೆ.

ಮತ್ತೆ ಊರಿನಲ್ಲೇ ಸಾಲ ಎತ್ತಬಾರದೇ? ಎತ್ತಬಹುದು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ರಾಜ್ಯದ ಖಾತರಿಯೊಂದಿಗೆ 125 ಕೋಟಿ ರೂಪಾಯಿಯ ಬಾಂಡ್ (ಹೂಡಿಕೆದಾರರಿಂದ ಬಡ್ಡಿಗೆ ಸಾಲ ಎತ್ತುವ ಪತ್ರ) ಹೊರಡಿಸಿತ್ತು. 2023ರಲ್ಲಿ ಇಂದೋರ್ 60 ಮೆಗಾವಾಟ್ ಸೌರ ವಿದ್ಯುತ್ ಸ್ಥಾವರಕ್ಕೆಂದು ಶೇ 8.25 ಬಡ್ಡಿಗೆ 244 ಕೋಟಿಯ ಹಸಿರು ಬಾಂಡ್ (ಪರಿಸರಸ್ನೇಹಿ ಕೆಲಸಕ್ಕೆ ಮೀಸಲಾದ ಬಾಂಡ್) ಮಾರಿತು. ಹೂಡಿಕೆದಾರರ ಬೇಡಿಕೆ ಅದರ ಹಲವು ಪಟ್ಟು ಬಂತು. ಇದಕ್ಕೆ ಬೇಕಾದ್ದು ಲೆಕ್ಕಪರಿಶೋಧನೆಯಾದ ಹಲವು ವರ್ಷಗಳ ಖಾತೆ, ಸಾಲ ತೀರಿಸುವ ಶಕ್ತಿ ಅಳೆಯುವ ರೇಟಿಂಗ್, ಮತ್ತು ಸಾಲದ ಕಂತಿಗೆಂದೇ ಆದಾಯವನ್ನು ಮೊದಲು ಎತ್ತಿಡುವ ಎಸ್ಕ್ರೋ ಖಾತೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆಗಳಾಗಿವೆ. ಹೊಸ ಪಾಲಿಕೆಗೆ ತನ್ನದೇ ಹಳೆಯ ಖಾತೆ ಇಲ್ಲ, ಆದ್ದರಿಂದ ಬಾಂಡ್ ಮಾರುಕಟ್ಟೆಯಲ್ಲಿ ಗುರುತು ಸಿಗಲು ಕೆಲವು ವರ್ಷ ಬೇಕು.

ಒಂದು ಎಚ್ಚರಿಕೆ ನಮ್ಮ ಹಿತ್ತಲಲ್ಲೇ ಇದೆ. ಯಲಹಂಕ, ಮಹದೇವಪುರ, ಬೊಮ್ಮನಹಳ್ಳಿ, ಕೆಂಗೇರಿ ಸೇರಿ ಎಂಟು ಸ್ಥಳೀಯ ಸಂಸ್ಥೆಗಳು 2005ರಲ್ಲಿ ಕುಡಿಯುವ ನೀರಿನ ಯೋಜನೆಗೆಂದು ಒಟ್ಟಾಗಿ 100 ಕೋಟಿಯ ಬಾಂಡ್ ಎತ್ತಿದವು. ಮನೆಗಳಿಂದ ಮುಂಗಡ ವಂತಿಗೆಯೂ ಪಡೆದರು. ಹಣಕಾಸಿನ ವಿನ್ಯಾಸ ಚೆನ್ನಾಗಿಯೇ ಇತ್ತು. ಆದರೆ ಬೀದಿಯ ಕೊಳವೆ ಮೊದಲು ಬಂತು, ಅದರಲ್ಲಿ ಹರಿಯಬೇಕಾದ ಸಗಟು ನೀರು ಹಿಂದುಳಿಯಿತು. ಕಾವೇರಿ ನಾಲ್ಕನೇ ಹಂತದ ಎರಡನೇ ಘಟ್ಟಕ್ಕೆ 2012ರವರೆಗೆ ಕಾಯಬೇಕಾಯಿತು. ಹಾಗಾಗಿ ಮುಂದೆ ಯಾರಾದರೂ ವಂತಿಗೆ, ಹೊಸ ಸೆಸ್, ಹಸಿರು ಬಾಂಡ್ ಎಂದು ಬಂದಾಗ ಬಡ್ಡಿ ಎಷ್ಟು ಎಂದು ಕೇಳುವ ಮೊದಲು, ನೀರು ಯಾವ ಮೂಲದಿಂದ, ಯಾವ ತಿಂಗಳಿಂದ ಹರಿಯುತ್ತದೆ, ಕಂತಿಗೆ ಯಾವ ಆದಾಯ ಮೀಸಲು ಎಂದು ವಾರ್ಡ್ ಸಮಿತಿಯಲ್ಲಿ ಬರಹದಲ್ಲಿ ಕೇಳಿ.