ರಸ್ತೆ ಅಗಲ ಮಾಡಿದರೂ ದೇವಿಮನೆ ಘಟ್ಟದಲ್ಲಿ ಧರೆ ಯಾಕೆ ಕುಸಿಯುತ್ತದೆ?

ಓದುಗರ ಪ್ರಶ್ನೆ: ಕುಮಟಾ–ಶಿರಸಿ ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ಆದರೂ ಮಳೆಗಾಲ ಬಂತೆಂದರೆ ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದು ಗಾಡಿ ನಿಲ್ಲುತ್ತವೆ. ಮಳೆ ಜಾಸ್ತಿ ಅನ್ನೋದೇ ಕಾರಣವಾ?

ಮಳೆ ಅರ್ಧ ಕಾರಣ ಮಾತ್ರ. ಈ ಭಾಗದಲ್ಲಿ ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ ಹಿಂದಿನಿಂದಲೂ ಬೀಳುತ್ತಿದೆ, ಅದೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಇನ್ನರ್ಧ ಕಾರಣ ಗುಡ್ಡದ ಬುಡವನ್ನು ಹೇಗೆ ಕಡಿಯುತ್ತೇವೆ ಅನ್ನುವುದರಲ್ಲಿದೆ.

ಘಟ್ಟದ ರಸ್ತೆಗೆ ಒಂದು ಕಡೆ ಕಂದಕ, ಇನ್ನೊಂದು ಕಡೆ ಗುಡ್ಡ. ಕಂದಕದ ಕಡೆ ಅಗಲ ಮಾಡಬೇಕೆಂದರೆ ಕೆಳಗಿನಿಂದ ಗೋಡೆ ಕಟ್ಟಿ ತರಬೇಕು, ಖರ್ಚು ಜಾಸ್ತಿ. ಹಾಗಾಗಿ ಗುಡ್ಡದ ಕಡೆಗೇ ಜೆಸಿಬಿ ತಿರುಗುತ್ತದೆ. ಮಣ್ಣಿನ ಧರೆಯನ್ನು, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಬದಿಯನ್ನು, ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದರೆ ನಿಲ್ಲುತ್ತದೆ. ಆದರೆ ಹಾಗೆ ಕಡಿಯಲು ಮೇಲಿನ ಕಾಡು ಇನ್ನಷ್ಟು ಹೋಗಬೇಕು. ಕಾಡು ಉಳಿಸಲು ನೆಟ್ಟಗೆ ಕಡಿದರೆ ಧರೆ ನಿಲ್ಲುವುದಿಲ್ಲ. ಈ ಇಕ್ಕಟ್ಟು ನಿಜವಾದದ್ದು.

ನಮ್ಮ ಕಡೆಯ ಮಣ್ಣನ್ನೂ ನೋಡಬೇಕು. ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ಗಟ್ಟಿ ಚಿರೆಕಲ್ಲು (ಲ್ಯಾಟರೈಟ್), ಅದರಡಿ ಜೇಡಿಯಂಥ ನುಣುಪಾದ ಶೇಡಿ ಮಣ್ಣು. ಬೇಸಿಗೆಯಲ್ಲಿ ಶೇಡಿ ಧರೆ ಗೋಡೆಯಂತೆ ನಿಂತಿರುತ್ತದೆ, ಕಡಿದವರಿಗೂ ಧೈರ್ಯ ಬರುತ್ತದೆ. ಆಷಾಢದ ಮಳೆ ವಾರಗಟ್ಟಲೆ ಹಿಡಿದರೆ ನೀರು ಒಳಗಿಳಿದು ಮಣ್ಣಿನ ಭಾರ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. ಕೊನೆಗೆ ಮರದ ಸಮೇತ ಜಾರುತ್ತದೆ. ಘಟ್ಟದಲ್ಲಿ ಜಾಗಕ್ಕೊಂದು ಬಗೆಯ ಮಣ್ಣಿದ್ದರೂ ನೀರು ಮಾಡುವ ಕೆಲಸ ಇದೇ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ 66ನೇ ರಾಷ್ಟ್ರೀಯ ಹೆದ್ದಾರಿಯ ಮೇಲೆ ಗುಡ್ಡ ಬಿದ್ದು ಎಷ್ಟು ಜೀವ ಹೋಯಿತು, ಮರೆಯುವ ಹಾಗಿಲ್ಲ.

ಆದ್ದರಿಂದ ನನ್ನ ಮಟ್ಟಿಗೆ ಡಾಂಬರಿಗಿಂತ ಮೊದಲು ಆಗಬೇಕಾದದ್ದು ನೀರಿನ ಕೆಲಸ. ಧರೆಯ ತಲೆಯ ಮೇಲೊಂದು ಕಾಲುವೆ ಇದ್ದರೆ ಗುಡ್ಡದ ಮೇಲಿಂದ ಹರಿದು ಬರುವ ನೀರು ಬಹುಪಾಲು ಕಡಿದ ಜಾಗಕ್ಕೆ ಬರುವುದಿಲ್ಲ. ತಡೆಗೋಡೆಯಲ್ಲಿ ನೀರು ಬಸಿಯಲು ತೂತು ಬೇಕು, ಇಲ್ಲದಿದ್ದರೆ ಹಿಂದೆ ನೀರು ತುಂಬಿ ಗೋಡೆಯನ್ನೇ ದೂಡುತ್ತದೆ. ಮೋರಿಗಳಲ್ಲಿ ಕಟ್ಟಿದ ತರಗೆಲೆ, ಮಣ್ಣನ್ನು ಮೇ ತಿಂಗಳಲ್ಲೇ ತೆಗೆಯಬೇಕು. ಇದು ದೊಡ್ಡ ಖರ್ಚಿನ ಕೆಲಸವೂ ಅಲ್ಲ.

ಅಗಲವೇ ಬೇಡ ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ದಿವಗಿಯ ಹತ್ತಿರ 66ನೇ ಹೆದ್ದಾರಿ ಬಿಟ್ಟು, ಕತಗಾಲ ದಾಟಿ ಘಟ್ಟ ಹತ್ತುವ ಈ ದಾರಿಯೇ ಕರಾವಳಿಯವರನ್ನು ಶಿರಸಿಗೆ, ಮುಂದೆ ಹಾವೇರಿಯಲ್ಲಿ ಬೆಂಗಳೂರು–ಪುಣೆ ಹೆದ್ದಾರಿಗೆ ಮುಟ್ಟಿಸುತ್ತದೆ. ಕುಮಟಾಕ್ಕೂ ಘಟ್ಟದ ಮೇಲಿನವರಿಗೂ ನಂಟು ಹಳೆಯದು. ಹತ್ತೊಂಬತ್ತನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿದ್ದರ ಹಿಂದೆಯೂ ಈ ಹತ್ತಿ ವ್ಯಾಪಾರವಿತ್ತು.

ಮಳೆಗಾಲದಲ್ಲಿ ಹೋಗುವವರಿಗೆ ಒಂದು ಮಾತು. ಧರೆಯ ಬುಡದಿಂದ ಹೊಸದಾಗಿ ಕೆಸರು ನೀರು ಒಸರುತ್ತಿದ್ದರೆ, ಮೇಲಿನ ಮರ ರಸ್ತೆಯ ಕಡೆ ವಾಲಿದ್ದರೆ, ಚಿಕ್ಕ ಕಲ್ಲು ಉದುರುತ್ತಿದ್ದರೆ, ಅಲ್ಲಿ ಚಹಾ ಕುಡಿಯಲು, ಫೋಟೊ ತೆಗೆಯಲು ಗಾಡಿ ನಿಲ್ಲಿಸಬೇಡಿ. ಘಟ್ಟ ಬಂದ್ ಆದರೆ ಲಾರಿ, ಬಸ್ಸಿನವರು ಅಂಕೋಲಾ–ಯಲ್ಲಾಪುರ ದಾರಿ ಹಿಡಿಯಬಹುದು, ಇಲ್ಲವೇ ಹೊನ್ನಾವರ–ಮಾವಿನಗುಂಡಿ–ಸಿದ್ದಾಪುರದ ಮೇಲೆ ಶಿರಸಿಗೆ ಬರಬಹುದು. ಸುತ್ತು ಜಾಸ್ತಿ. ಯಲ್ಲಾಪುರ ದಾರಿಯ ಅರಬೈಲು ಘಟ್ಟದಲ್ಲೂ ಗುಡ್ಡ ಕುಸಿಯುವುದುಂಟು, ಹೊರಡುವ ಮೊದಲು ಒಂದು ಸಲ ವಿಚಾರಿಸಿಕೊಳ್ಳಿ.